ಅಕ್ಕನ ವಾದವನ್ನು ದುರ್ಬಲಗೊಳಿಸುವ ಉತ್ತರ ಯಾವುದು?

ಮನೆಯಿಂದ, ಅಡುಗೆಮನೆಯ ಮೇಜಿನ ಮೇಲಿಂದ
ಫೆಬ್ರವರಿ ಹದಿನೆಂಟು, ಭಾನುವಾರ ಬೆಳಗ್ಗೆ

ಪ್ರೀತಿಯ ಅಕ್ಕಾ,

ಮೊದಲು ನಿನ್ನ ಭುಜದ ಸಮಾಚಾರ ಹೇಳು. ಹೊಲಿಗೆ ಯಂತ್ರದ ಮುಂದೆ ಬಗ್ಗಿ ಕೂತು ಕೂತು ಬಲಗೈ ಮೇಲೆತ್ತಲು ಆಗುತ್ತಿಲ್ಲ ಎಂದು ಭಾವ ಹೇಳಿದರು. ನಿನ್ನನ್ನೇ ಕೇಳಿದರೆ ‘ಏನಿಲ್ಲ ಬಿಡು’ ಅನ್ನುತ್ತೀಯ, ಅದಕ್ಕೇ ನಿನ್ನನ್ನು ಕೇಳುವುದನ್ನೇ ಬಿಟ್ಟಿದ್ದೇನೆ. ಡಾಕ್ಟರು ಹೇಳಿಕೊಟ್ಟ ವ್ಯಾಯಾಮ ಮಾಡುತ್ತಿದ್ದೀಯೋ, ಇಲ್ಲ ಪರದೆ ನೇತುಹಾಕುವಾಗ ಕೈ ಎತ್ತುವುದೇ ವ್ಯಾಯಾಮ ಎಂದು ಅವರಿಗೇ ಪಾಠ ಹೇಳಿ ಬಂದೆಯೋ? ಪುಟ್ಟಿಗೆ ಮುಂದಿನ ಹಲ್ಲು ಬಿದ್ದು ಈಗ ಸೀಟಿ ಹೊಡೆದ ಹಾಗೆ ಮಾತಾಡುತ್ತಾಳಂತೆ. ಹೊಸ ಹಲ್ಲು ಬರುವ ಮೊದಲು ಅವಳ ಮಾತು ಫೋನಿನಲ್ಲಿ ಒಮ್ಮೆಯಾದರೂ ಕೇಳಿಸು. ಅಪ್ಪ ಚೆನ್ನಾಗಿದ್ದಾರೆ. ಸಕ್ಕರೆ ಹತೋಟಿಯಲ್ಲಿದೆ, ನಾಲಿಗೆ ಮಾತ್ರ ಇಲ್ಲ. ಬೆಳಗ್ಗೆ ಎದ್ದು ಮನೆಯ ಎಲ್ಲ ನಲ್ಲಿಗಳನ್ನೂ ಒಂದು ಸಲ ತಿರುಗಿಸಿ ನೋಡುವುದು, ಪಕ್ಕದ ಮನೆಯವರ ಪೇಪರನ್ನು ಅವರಿಗಿಂತ ಮುಂಚೆ ಓದಿ ಮತ್ತೆ ಮಡಿಸಿ ಬಾಗಿಲಲ್ಲಿಡುವುದು, ಎಲ್ಲ ಹಾಗೇ ನಡೆದಿದೆ.

ಫೋನ್ ಇರುವಾಗ ಇವಳಿಗೆ ಕಾಗದ ಬರೆಯುವ ಹುಚ್ಚು ಯಾಕೆ ಬಂತು ಅಂತ ನಿನಗೆ ಅನ್ನಿಸಿರಬೇಕು. ಕಾರಣ ನೀನೇ. ಫೋನಿನಲ್ಲಿ ನೀನು ಮಾತು ಶುರು ಮಾಡಿದರೆ ನನಗೆ ಸಿಗುವ ಜಾಗ ಒಂದು ‘ಹೂಂ’ ಹಿಡಿಸುವಷ್ಟೇ. ಹೋದ ಭಾನುವಾರವೂ ಅದೇ ಆಯಿತು. ರೈಲ್ವೆ ನಿಲ್ದಾಣದ ಹತ್ತಿರ ಎರಡನೇ ಪರದೆ ಅಂಗಡಿ ತೆಗೆಯುತ್ತಿರುವುದು, ಅದರ ಮೇಲೆ ಗಾಳಿ ಬೆಳಕು ಚೆನ್ನಾಗಿರುವ ಕೋಣೆ, ಅಪ್ಪನಿಗೆ ವಾಕಿಂಗ್ ಹೋಗಲು ಪಾರ್ಕು, ಎಲ್ಲವನ್ನೂ ಉಸಿರು ಬಿಡದೆ ಹೇಳಿ, ಕೊನೆಗೆ, ‘ಮುಂದಿನ ತಿಂಗಳು ಮೊದಲನೇ ವಾರವೇ ಇಬ್ಬರೂ ಬಂದ್ಬಿಡಿ. ಅಂಗಡಿ ನೀನೇ ನೋಡ್ಕೋ. ಆ ಬಸ್ಸಿನ ಕೆಲಸಾನೂ ಸಾಕು, ಆ ಪರೀಕ್ಷೆ ಗಿರೀಕ್ಷೆನೂ ಸಾಕು’ ಅಂದೆ. ಪರೀಕ್ಷೆ ಇರುವುದು ಮುಂದಿನ ತಿಂಗಳ ಕೊನೆಗೆ ಎಂದು ನನಗೆ ಗೊತ್ತು, ನಿನಗೂ ಗೊತ್ತು. ಆದರೂ ನಾನು ‘ಆಯ್ತು ಅಕ್ಕ’ ಅಂದೆ. ಫೋನ್ ಇಟ್ಟ ಮೇಲೆ ಅಪ್ಪ ಕನ್ನಡಕ ಹಣೆಗೇರಿಸಿಕೊಂಡು, ‘ಯಾವುದಕ್ಕಮ್ಮ ಆಯ್ತು ಅಂದೆ?’ ಎಂದು ಕೇಳಿದರು. ಬುಧವಾರ ಭಾವ ಫೋನ್ ಮಾಡಿ, ಪೇಂಟರ್ ಬಂದಿದ್ದಾನೆ, ಕೋಣೆಗೆ ಯಾವ ಬಣ್ಣ ಹೊಡೆಸಲಿ ಎಂದರು. ಅವರಿಗೂ ‘ಯಾವುದಾದರೂ ಆಯ್ತು ಭಾವ’ ಅಂದುಬಿಟ್ಟೆ ನೋಡು. ನನ್ನಂಥವಳು ಕಾಗದ ಬರೆಯದೆ ಇನ್ನೇನು ಮಾಡಬೇಕು? ಕಾಗದದಲ್ಲಾದರೆ ನೀನು ನಡುವೆ ಬಾಯಿ ಹಾಕುವ ಹಾಗಿಲ್ಲ.

ಪರೀಕ್ಷೆಯ ವಿಷಯ ನಿನಗೆ ಅರ್ಧಂಬರ್ಧ ಗೊತ್ತು, ಉಳಿದರ್ಧ ಈಗ ಕೇಳು. ಸಾರಿಗೆ ಯೋಜನೆಯ ಸ್ನಾತಕೋತ್ತರ ಓದಿಗೆ ಸೀಟು ಸಿಗಬೇಕಾದರೆ ಈ ಪ್ರವೇಶ ಪರೀಕ್ಷೆಯ ಪ್ರತಿಯೊಂದು ಭಾಗದಲ್ಲೂ ಕನಿಷ್ಠ ಅಂಕ ಬರಲೇಬೇಕು. ಗಣಿತದ ಭಾಗ ನನಗೆ ಬಟಾಣಿ ಬಿಡಿಸಿದಷ್ಟು ಸಲೀಸು. ಹಿಂದೆ ಬರೆದ ಎರಡು ಸಲವೂ ಕಾಲು ಹಿಡಿದೆಳೆದದ್ದು ಇಂಗ್ಲಿಷ್. ಹಾಗಂತ ಪದಗಳು ಬರುವುದಿಲ್ಲ ಅಂತಲ್ಲ. ಬಸ್ಸಿನಲ್ಲಿ, ಕ್ಯೂನಲ್ಲಿ, ಹಾಲು ಉಕ್ಕುವುದನ್ನು ಕಾಯುವಾಗ ಪದಗಳನ್ನು ಉರು ಹೊಡೆದಿದ್ದೇನೆ. ವ್ಯಾಕರಣಕ್ಕೂ ಹೆದರುವುದಿಲ್ಲ. ತೊಂದರೆ ಇರುವುದು ಉದ್ದುದ್ದದ ಗದ್ಯಭಾಗಗಳಲ್ಲಿ. ಯಾರೋ ಒಬ್ಬ ಲೇಖಕ ಏನನ್ನೋ ವಾದಿಸಿರುತ್ತಾನೆ, ಕೆಳಗೆ ಪ್ರಶ್ನೆಗಳಿರುತ್ತವೆ: ಲೇಖಕರ ಮುಖ್ಯ ಅಭಿಪ್ರಾಯ ಏನು, ಅವರ ಧೋರಣೆ ಎಂಥದು, ಹೇಳದೆಯೇ ನಂಬಿಕೊಂಡಿರುವ ಮಾತು ಯಾವುದು, ಅವರ ವಾದವನ್ನು ಹೆಚ್ಚು ದುರ್ಬಲಗೊಳಿಸುವ ಉತ್ತರ ಯಾವುದು. ಈ ಕೊನೆಯ ಜಾತಿಯ ಪ್ರಶ್ನೆ ಬಂತೆಂದರೆ ನನ್ನ ಪೆನ್ಸಿಲ್ ತಪ್ಪು ಮನೆಯ ಬಾಗಿಲನ್ನೇ ತಟ್ಟುತ್ತದೆ.

ಇದನ್ನು ಕಂಡುಹಿಡಿದವನು ಕೋಚಿಂಗಿನ ಮೇಷ್ಟ್ರು. ಚಪ್ಪಲಿ ಅಂಗಡಿಯ ಮಹಡಿ ಮೇಲೆ ಶನಿವಾರ ಮಧ್ಯಾಹ್ನ ಕ್ಲಾಸು. ಕೆಳಗಿನಿಂದ ಹೊಸ ಚರ್ಮದ ವಾಸನೆ, ಮೇಲೆ ಕೈಯಿಡುವ ಜಾಗದಲ್ಲೇ ಬರೆಯುವ ಹಲಗೆ ಇರುವ ಕುರ್ಚಿಗಳು. ಎಡಗೈಯವರಿಗೆ ಅಂತ ಇರುವ ಒಂದೇ ಕುರ್ಚಿ ಯಾವಾಗಲೂ ನನ್ನ ಪಾಲಿಗೆ ಬರುತ್ತದೆ, ಯಾಕೆಂದರೆ ‘ಅಡ್ಜಸ್ಟ್ ಮಾಡ್ಕೊಳ್ತೀರಾ’ ಎಂದು ಯಾರೇ ಕೇಳಿದರೂ ನಾನು ತಲೆಯಾಡಿಸುತ್ತೇನೆ. ಹುಡುಗರು ನನ್ನನ್ನು ಆಂಟಿ ಅನ್ನುತ್ತಾರೆ. ಮೇಷ್ಟ್ರಿಗೆ ನನಗಿಂತ ಚಿಕ್ಕ ವಯಸ್ಸು, ಪಾಪ, ಅವನು ಮೇಡಂ ಅನ್ನುತ್ತಾನೆ. ಕುತ್ತಿಗೆಗೆ ಸ್ಟಾಪ್‌ವಾಚ್ ನೇತುಹಾಕಿಕೊಂಡು ಓಡಾಡುತ್ತಾನೆಂದು ನಾವೆಲ್ಲ ಅವನಿಗೆ ಅದೇ ಹೆಸರಿಟ್ಟಿದ್ದೇವೆ. ಹೋದ ತಿಂಗಳು ಒಂದು ಗದ್ಯಭಾಗ ಕೊಟ್ಟ. ಬಡಾವಣೆಗಳ ಪುಟ್ಟ ಪುಟ್ಟ ಗ್ರಂಥಾಲಯಗಳನ್ನೆಲ್ಲ ಮುಚ್ಚಿ ಊರ ನಡುವೆ ಒಂದೇ ದೊಡ್ಡದನ್ನು ಕಟ್ಟಿದರೆ ಓದುಗರು ಹೆಚ್ಚುತ್ತಾರೆ ಎಂದು ಲೇಖಕನ ವಾದ. ಇದನ್ನು ದುರ್ಬಲಗೊಳಿಸುವ ಉತ್ತರ ಯಾವುದು? ಅಲ್ಲೇ ಇತ್ತು ಅಕ್ಕಾ, ಕಣ್ಣಿಗೆ ರಾಚುವ ಹಾಗೆ: ಈಗ ಬರುವ ಓದುಗರಲ್ಲಿ ಹೆಚ್ಚಿನವರು ಮನೆಯಿಂದ ನಡೆದು ಬರುವವರು. ನಡೆದು ಬರುವವರ ಕಷ್ಟ ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಆದರೂ ನಾನು ಗುರುತು ಹಾಕಿದ್ದು, ದೊಡ್ಡ ಕಟ್ಟಡದಲ್ಲಿ ಹೆಚ್ಚು ಪುಸ್ತಕ ಹಿಡಿಸುತ್ತದೆ ಎಂಬ ಉತ್ತರಕ್ಕೆ. ಸ್ಟಾಪ್‌ವಾಚ್ ತಲೆ ಮೇಲೆ ಕೈ ಹೊತ್ತು, ‘ಮೇಡಂ, ಇದು ಅವನಿಗೆ ಸಪೋರ್ಟ್ ಮಾಡುತ್ತೆ. ಯಾಕೆ ಹಾಕಿದ್ರಿ?’ ಎಂದ. ನಾನು ಇದ್ದದ್ದನ್ನು ಇದ್ದ ಹಾಗೆ ಹೇಳಿದೆ: ಅಷ್ಟು ಕಷ್ಟಪಟ್ಟು ಬರೆದಿದ್ದಾನೆ, ಎದುರಿಗೇ ಅಲ್ಲಗಳೆಯೋಕೆ ಮನಸ್ಸಾಗಲಿಲ್ಲ. ಕ್ಲಾಸಿಗೆ ಕ್ಲಾಸೇ ನಕ್ಕಿತು. ಅವನು ಮಾತ್ರ ನಗಲಿಲ್ಲ. ‘ಮೇಡಂ, ಲೇಖಕರು ನಿಮ್ಮ ಕೌಂಟರಿಗೆ ಬಂದಿರೋ ಗಿರಾಕಿ ಅಲ್ಲ’ ಅಂದ.

ಆ ಮಾತು ನೆಟ್ಟಗೆ ಹೋಗಿ ನಾಟಿತು. ನೀನು ನನ್ನ ಕೌಂಟರ್ ನೋಡಿಲ್ಲ. ಬಸ್ ಡಿಪೋದ ಮುಂಬಾಗಿಲ ಪಕ್ಕ ಗಾಜಿನ ಕಿಟಕಿ, ಕೆಳಗೆ ಕೈ ತೂರುವಷ್ಟು ಕಂಡಿ, ನನ್ನ ತಲೆಯ ಮೇಲೆ ‘ದೂರುಗಳು’ ಎಂಬ ಬೋರ್ಡು. ಬಸ್ಸು ಬರಲಿಲ್ಲ, ಬಂದದ್ದು ನಿಲ್ಲಲಿಲ್ಲ, ನಿಂತದ್ದು ಹತ್ತಿಸಿಕೊಳ್ಳಲಿಲ್ಲ, ಕೊಡೆ ಬಿಟ್ಟೆ, ಕಂಡಕ್ಟರ್ ಗದರಿದ. ಕೆಲಸಕ್ಕೆ ಸೇರಿದ ದಿನವೇ ಮೇಲಿನವರು ಹೇಳಿಕೊಟ್ಟದ್ದು ಇಷ್ಟು: ಯಾರು ಏನೇ ಹೇಳಲಿ, ಮೊದಲು ‘ನಿಮ್ಮ ಮಾತು ಸರಿ’ ಅನ್ನಿ, ಆಮೇಲೆ ಬರೆದುಕೊಳ್ಳಿ, ಕೊನೆಗೆ ‘ಆಯ್ತು, ನೋಡ್ತೀವಿ’ ಅನ್ನಿ. ಸಿಟ್ಟು ಇಳಿಯುತ್ತದೆ, ಗಾಜು ಒಡೆಯುವುದಿಲ್ಲ. ಅದರಲ್ಲಿ ನಾನು ಎತ್ತಿದ ಕೈ. ಬುಸುಗುಡುತ್ತ ಬಂದವರು ನನಗೇ ಥ್ಯಾಂಕ್ಸ್ ಹೇಳಿ ಹೋಗುತ್ತಾರೆ. ಆದರೆ ಅಕ್ಕಾ, ಬರೆದುಕೊಂಡದ್ದೆಲ್ಲ ಮೇಲಿನ ಮಹಡಿಗೆ ಹೋಗುತ್ತದೆ, ಮಾರ್ಗ ತೀರ್ಮಾನಿಸುವವರು ಅಲ್ಲಿ ಕೂತಿರುತ್ತಾರೆ, ಮತ್ತೆ ಮುಂದಿನ ವರ್ಷ ಅದೇ ನಿಲ್ದಾಣದ ಅದೇ ದೂರು ನನ್ನ ಕಿಟಕಿಗೆ ಬರುತ್ತದೆ. ನನಗೆ ಆ ಮಹಡಿಗೆ ಹೋಗಬೇಕು. ದೂರು ಕೇಳುವುದು ಸಾಕಾಗಿದೆ, ದೂರು ಬಾರದ ಹಾಗೆ ಗೆರೆ ಎಳೆಯುವುದನ್ನು ಕಲಿಯಬೇಕು. ಇದನ್ನು ಇಷ್ಟು ಬಿಡಿಸಿ ನಿನಗೆ ಯಾವತ್ತೂ ಹೇಳಿರಲಿಲ್ಲ, ಅಲ್ಲವಾ?

ಸ್ಟಾಪ್‌ವಾಚ್ ಒಂದು ಉಪಾಯ ಹೇಳಿಕೊಟ್ಟ. ಮನೆಯಲ್ಲಿ ಯಾರು ಏನೇ ಹೇಳಲಿ, ಅದರಲ್ಲಿ ಸಡಿಲ ಇರುವ ಜಾಗ ಯಾವುದು ಎಂದು ಮನಸ್ಸಿನಲ್ಲೇ ಹುಡುಕಬೇಕಂತೆ. ಮನೆಯಲ್ಲಿ ಇರುವವರು ಅಪ್ಪ ಒಬ್ಬರೇ, ಹಾಗಾಗಿ ಅವರ ಮೇಲೇ ಪ್ರಯೋಗ. ಅಪ್ಪನಿಗೆ ಇದು ಎಷ್ಟು ಹಿಡಿಸಿತೆಂದರೆ ಈಗ ಬೇಕೆಂದೇ ವಾದ ಹೂಡುತ್ತಾರೆ. ‘ನಿನ್ನೆ ಸಿಹಿ ತಿಂದೆ, ಇವತ್ತು ಸಕ್ಕರೆ ಸರಿಯಾಗೇ ಇದೆ, ಆದ್ದರಿಂದ ಸಿಹಿಯಿಂದ ತೊಂದರೆ ಇಲ್ಲ. ದುರ್ಬಲಗೊಳಿಸು ನೋಡೋಣ’ ಅನ್ನುತ್ತಾರೆ. ಮೊದಮೊದಲು ನನಗೆ ‘ಹೌದಪ್ಪ’ ಎಂದೇ ಬಾಯಿಗೆ ಬರುತ್ತಿತ್ತು. ಈಗ ಡಬ್ಬಿಯನ್ನು ಮೇಲಿನ ಗೂಡಿಗೆ ಏರಿಸಿಯೇ ಉತ್ತರ ಕೊಡುತ್ತೇನೆ. ಅವರ ಇಂಗ್ಲಿಷೂ ಸುಧಾರಿಸುತ್ತಿದೆ, ಆದರೆ ಗದ್ಯಭಾಗ ಓದಿ ಹೇಳಿದರೆ ಅವರ ಉತ್ತರ ಒಂದೂ ಸರಿ ಬರುವುದಿಲ್ಲ. ಜೇನುಹುಳುಗಳ ಬಗ್ಗೆ ಓದಿದರೆ, ‘ಈ ಲೇಖಕನಿಗೆ ಹೆಂಡತಿ ಜೊತೆ ಸರಿ ಇಲ್ಲ ಅನ್ಸುತ್ತೆ’ ಎಂದು ತೀರ್ಮಾನ ಕೊಡುತ್ತಾರೆ. ನಿನ್ನ ಅಂಗಡಿಯ ವಿಷಯ ಕೇಳಿದರೆ ಮಾತ್ರ ಬಾಯಿಗೆ ಬೀಗ. ‘ನಂಗೇನಮ್ಮ, ಎಲ್ಲಿ ಹಾಸಿದ್ರೆ ಅಲ್ಲಿ ಮಲಗ್ತೀನಿ. ಇದು ನೀವಿಬ್ಬರೂ ಬಗೆಹರಿಸ್ಕೊಳ್ಳೋದು’ ಅಂದರು.

ಶುಕ್ರವಾರ ಕೌಂಟರಿನಲ್ಲಿ ಒಂದು ನಡೆಯಿತು, ಈ ಕಾಗದಕ್ಕೆ ನಿಜವಾದ ಕಾರಣ ಅದು. ನಮ್ಮಲ್ಲಿಗೆ ತಪ್ಪದೆ ಬರುವ ಒಬ್ಬ ವಯಸ್ಸಾದವರಿದ್ದಾರೆ, ಡ್ರಾಯಿಂಗ್ ಮೇಷ್ಟ್ರಾಗಿದ್ದವರು. ಆಸ್ಪತ್ರೆಯ ಗೇಟಿನ ಮುಂದಿರುವ ನಿಲ್ದಾಣವನ್ನು ತಮ್ಮ ಬೀದಿಯ ಮೂಲೆಗೆ ತರಬೇಕು, ವಯಸ್ಸಾದವರಿಗೆ ನಡೆಯಲಾಗುವುದಿಲ್ಲ ಎಂಬುದು ಅವರ ದೂರು. ಪ್ರತಿ ಸಲವೂ ಅಚ್ಚುಕಟ್ಟಾಗಿ ನಕ್ಷೆ ಬರೆದು ತರುತ್ತಾರೆ, ಮರಗಳಿಗೆ ಹಸಿರು ಬಣ್ಣ ಕೂಡ ಹಚ್ಚಿರುತ್ತಾರೆ. ಪ್ರತಿ ಸಲವೂ ನಾನು ‘ನಿಮ್ಮ ಮಾತು ಸರಿ ಸರ್’ ಎಂದು ತೆಗೆದುಕೊಂಡಿದ್ದೇನೆ. ಶುಕ್ರವಾರ ಏನಾಯಿತೋ, ಬೆಳಗ್ಗೆಯಷ್ಟೇ ಹತ್ತಾರು ವಾದಗಳನ್ನು ಒಡೆದು ಬಂದಿದ್ದ ಗುಂಗಿರಬೇಕು, ನಕ್ಷೆಯ ಮೇಲೆ ಬೆರಳಿಟ್ಟು, ‘ಸರ್, ನಿಲ್ದಾಣ ನಿಮ್ಮ ಮೂಲೆಗೆ ಬಂದರೆ ನಿಮಗೆ ಹತ್ತಿರ ಆಗುತ್ತೆ. ಆಸ್ಪತ್ರೆಗೆ ಬರೋ ವಯಸ್ಸಾದವರು ಅಷ್ಟೂ ದೂರ ನಡೀಬೇಕಾಗುತ್ತೆ. ಇದು ಆಗಲ್ಲ ಸರ್’ ಅಂದೆ. ಪಕ್ಕದ ಕುರ್ಚಿಯಲ್ಲಿದ್ದ ಪಾಸ್ ಕೊಡುವಾಕೆ ಮೊಹರು ಹಿಡಿದ ಕೈಯನ್ನು ಹಾಗೇ ನಿಲ್ಲಿಸಿಬಿಟ್ಟಳು. ಅವರು ಬೈಯಲಿಲ್ಲ. ನಕ್ಷೆಯನ್ನು ತಮ್ಮ ಕಡೆ ತಿರುಗಿಸಿಕೊಂಡು ಆಸ್ಪತ್ರೆಯ ಗೇಟಿನಿಂದ ಮೂಲೆಯವರೆಗೆ ಬೆರಳೆಳೆದರು. ‘ಹೌದಲ್ಲ’ ಅಂದರು. ಆಮೇಲೆ ಮೆತ್ತಗೆ, ‘ಇಷ್ಟು ದಿನ ಯಾಕಮ್ಮ ಹೇಳಲಿಲ್ಲ? ನೀವು ಆಯ್ತು ಅಂತಿದ್ರಿ, ನಾನು ದಿನಾ ಮೂಲೇಲಿ ಹೋಗಿ ಕಂಬ ನೆಟ್ಟಿದ್ದಾರಾ ಅಂತ ನೋಡಿ ಬರ್ತಿದ್ದೆ’ ಅಂದರು. ನನಗೆ ತಲೆ ಎತ್ತಲಾಗಲಿಲ್ಲ ಅಕ್ಕಾ. ನಾನು ಅದನ್ನು ಒಳ್ಳೆಯತನ ಅಂದುಕೊಂಡಿದ್ದೆ. ಅವರು ಹೋದ ಮೇಲೆ ನನ್ನ ಕಣ್ಣ ಮುಂದೆ ಬಂದದ್ದು ನೀನು, ಆ ಖಾಲಿ ಕೋಣೆಯಲ್ಲಿ ನಿಂತು, ನೋಯುವ ಕೈಯಲ್ಲೇ ನನ್ನ ಕಿಟಕಿಗೆ ಅಳತೆ ತೆಗೆಯುತ್ತಿರುವುದು.

ಅದಕ್ಕೇ ನೀನು ಫೋನಿನಲ್ಲಿ ಹೇಳಿದ್ದನ್ನು ಒಂದು ಗದ್ಯಭಾಗ ಅಂತಲೇ ಇಟ್ಟುಕೊಂಡು ನಿನ್ನೆ ಸಂಜೆ ಮೆಟ್ಟಿಲ ಮೇಲೆ ಕೂತು ಯೋಚಿಸಿದೆ. ನಗಬೇಡ. ಮುಖ್ಯ ಅಭಿಪ್ರಾಯ: ತಂಗಿ ಹತ್ತಿರ ಬಂದು ಇರಬೇಕು. ಲೇಖಕಿಯ ಧೋರಣೆ: ಅಪಾರ ಪ್ರೀತಿ, ಜೊತೆಗೆ ತುಸು ಯಜಮಾನಿಕೆ. (ತುಸು ಎಂದು ಹಾಕಿದ್ದು ಮರ್ಯಾದೆಗೆ.) ವಾದಕ್ಕೆ ಬಲ ಕೊಡುವ ಅಂಶಗಳು ಬೇಕಾದಷ್ಟಿವೆ. ನಿನಗೆ ಲೆಕ್ಕ ನೋಡಲು, ಅಳತೆ ತಪ್ಪದಂತೆ ಬಟ್ಟೆ ಕತ್ತರಿಸುವವರ ಮೇಲೆ ಕಣ್ಣಿಡಲು, ನಿನ್ನವಳು ಅನ್ನುವ ಒಬ್ಬಳು ಬೇಕು. ಅಮ್ಮ ಹೋದ ಮೇಲೆ ನನಗೆ ಜಡೆ ಹಾಕಿದವಳು ನೀನು, ಕಾಲೇಜಿಗೆ ಕಳಿಸಿದವಳು ನೀನು. ನಿನ್ನ ಅಂಗಡಿಯಲ್ಲಿ ಕೂರುವುದು ನನಗೆ ಅವಮಾನವೇನೂ ಅಲ್ಲ, ನೆರಿಗೆ ಹಿಡಿದು ಪರದೆ ಇಳಿಬಿಡುವುದು ಎಂಥ ಚಂದದ ಕೆಲಸ ಎಂದು ನನಗೆ ಗೊತ್ತು. ಎಲ್ಲ ಸರಿ. ಆಮೇಲೆ ಬಂತು ಆ ಪ್ರಶ್ನೆ: ಲೇಖಕಿ ಹೇಳದೆಯೇ ನಂಬಿಕೊಂಡಿರುವ ಮಾತು ಯಾವುದು? ತಕ್ಷಣ ಹೊಳೆಯಿತು, ಹೊಳೆದದ್ದೇ ಅಳು ಬಂತು. ನಾನು ಈ ಸಲವೂ ಫೇಲಾಗುತ್ತೇನೆ ಎಂದು ನೀನು ನಂಬಿದ್ದೀಯ.

ನೀನು ಹಾಗಂತ ಒಂದು ಮಾತೂ ಅಂದಿಲ್ಲ, ಅನ್ನುವವಳೂ ಅಲ್ಲ. ಹೋದ ಸಲ ಫಲಿತಾಂಶ ಬಂದ ಮಾರನೇ ದಿನ ಹೇಳದೆ ಕೇಳದೆ ಬಸ್ಸಿಳಿದು ಬಂದೆಯಲ್ಲ, ಬಗಲಲ್ಲಿ ಬಟ್ಟೆಯ ಗಂಟು ಇಟ್ಟುಕೊಂಡು. ಏನಾಯಿತು ಎಂದು ಕೇಳಲಿಲ್ಲ. ಸ್ಟೂಲ್ ಹತ್ತಿ ಮನೆಯ ಎಲ್ಲ ಕಿಟಕಿಗಳಿಗೂ ಹೊಸ ಪರದೆ ಹಾಕಿ, ನನ್ನ ತಲೆ ಸವರಿ, ಸಂಜೆಯ ಬಸ್ಸಿಗೆ ಹೊರಟುಹೋದೆ. ಆವತ್ತು ನಿನ್ನ ಮುಖ ನನಗಿಂತ ಬಾಡಿತ್ತು. ಮತ್ತೊಮ್ಮೆ ನನ್ನನ್ನು ಹಾಗೆ ನೋಡಲು ನಿನ್ನಿಂದ ಆಗುವುದಿಲ್ಲ. ಅದಕ್ಕೇ ಪರೀಕ್ಷೆಗೆ ಮುಂಚೆಯೇ ನನ್ನನ್ನು ಎತ್ತಿಕೊಂಡು ಹೋಗಲು ನೋಡುತ್ತಿದ್ದೀಯ, ರಸ್ತೆ ದಾಟುವಾಗ ಎತ್ತಿಕೊಳ್ಳುತ್ತಿದ್ದೆಯಲ್ಲ, ಹಾಗೆ. ನಿನ್ನ ಮೇಲೆ ನನಗೆ ಸಿಟ್ಟಿಲ್ಲ. ಇಷ್ಟು ಪ್ರೀತಿಸುವವರು ಇರುವುದೇ ನನ್ನ ಪುಣ್ಯ. ಆದರೆ ಆ ನಂಬಿಕೆ ನೋಯಿಸಿತು ಎಂದು ಹೇಳದಿದ್ದರೆ ಮತ್ತೆ ಕೌಂಟರಿನಲ್ಲಿ ಕೂತ ಹಾಗೇ ಆಗುತ್ತದೆ.

ಇನ್ನು ಉಳಿದ ಸಮಾಚಾರ. ಮೇಲಿನ ಮನೆಗೆ ಹೊಸದಾಗಿ ಬಂದವರು ದಿನವಿಡೀ ಮೇಜು ಎಳೆಯುತ್ತಾರೆ, ಎಲ್ಲಿಂದ ಎಲ್ಲಿಗೆ ಎಂದು ಗೊತ್ತಿಲ್ಲ. ಅಪ್ಪನಿಗೆ ಹೊಸ ಚಪ್ಪಲಿ ತಂದೆ, ಹಳೆಯದನ್ನು ಎಸೆಯಲು ಬಿಡುತ್ತಿಲ್ಲ. ನೀನು ಕಳಿಸಿದ ಸ್ವೆಟರ್ ಕೈ ಉದ್ದವಾಯಿತು, ಮಡಚಿ ಹಾಕಿಕೊಳ್ಳುತ್ತಿದ್ದೇನೆ, ಬೆಚ್ಚಗಿದೆ. ಭುಜಕ್ಕೆ ಬಿಸಿನೀರಿನ ಚೀಲ ಇಟ್ಟುಕೋ. ಭಾರದ ಬಟ್ಟೆಯನ್ನು ಭಾವನ ಕೈಲಿ ಎತ್ತಿಸು, ಅವರಿಗೂ ಹೊಟ್ಟೆ ಕರಗಲಿ. ಪುಟ್ಟಿಯ ಬೊಚ್ಚು ಬಾಯಿಗೆ ನನ್ನ ಮುತ್ತು, ಭಾವನಿಗೆ ನಮಸ್ಕಾರ. ಅಪ್ಪ ನಿಮ್ಮೆಲ್ಲರಿಗೂ ಆಶೀರ್ವಾದ ತಿಳಿಸಿದ್ದಾರೆ, ಜೊತೆಗೆ ಇಲ್ಲಿ ಸಿಹಿ ಕೊಡುತ್ತಿಲ್ಲ ಎಂಬ ದೂರನ್ನೂ.

ನೀನು ಜಡೆ ಹಾಕಿ ಬೆಳೆಸಿದವಳು,
ನಿನ್ನ ತಂಗಿ

ಮರೆತಿದ್ದು: ಲಕೋಟೆಗೆ ಅಂಟು ಹಚ್ಚುವ ಮೊದಲು ಅಪ್ಪ ಕಾಗದ ಇಸಿದುಕೊಂಡು ಓದಿ, ‘ಎಲ್ಲಾ ಬರೆದಿದ್ದೀಯ, ಉತ್ತರ ಎಲ್ಲಮ್ಮ?’ ಎಂದರು. ನೋಡಿದರೆ ನಿಜವಾಗಿಯೂ ಎಲ್ಲೂ ಇಲ್ಲ. ನಿಂತುಕೊಂಡೇ ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟಗಿದ್ದರೆ ಹೊಟ್ಟೆಗೆ ಹಾಕಿಕೋ. ನಾನು ಬರುವುದಿಲ್ಲ ಅಕ್ಕಾ. ಆ ಕೋಣೆಯನ್ನು ಬೇರೆ ಯಾರಿಗಾದರೂ ಕೊಡು, ಅಂಗಡಿಗೆ ಬೇರೆ ಒಬ್ಬಳನ್ನು ನೋಡು. ಪಾಸಾದರೆ ಅಂತ ಹೇಳುತ್ತಿಲ್ಲ, ಫೇಲಾದರೂ ಬರುವುದಿಲ್ಲ. ಫೇಲಾದರೆ ಮೊದಲ ಫೋನ್ ನಿನಗೇ ಮಾಡುತ್ತೇನೆ. ಆವತ್ತು ಅಂಗಡಿಯ ಮಾತು ಎತ್ತಬೇಡ, ಕೋಣೆಯ ಮಾತು ಎತ್ತಬೇಡ, ನಾನು ಅತ್ತು ಮುಗಿಸುವವರೆಗೆ ಸುಮ್ಮನೆ ಫೋನ್ ಹಿಡಿದುಕೊಂಡಿರು. ಆಮೇಲೆ, ಮುಂದಿನ ಪರೀಕ್ಷೆ ಯಾವಾಗ ಎಂದು ಕೇಳು.